ಗಂಟೆ ಕಟ್ಟಿದ ಬ್ಯಾಟರಿ ಗಾಡಿ

ಮಸೂತಿ ಊರಿನ ಕಾಲುವೆ ದಂಡೆಯ ಮೇಲೆ ಶಾಲೆ ಮಕ್ಕಳು, ಹೊಲಕ್ಕೆ ಹೋಗುವವರು, ಕುರಿ ಹಿಂಡು, ಎಲ್ಲರಿಗೂ ಒಂದೇ ದಾರಿ. ಅಲ್ಲಿಗೆ ಎರಡು ಚಕ್ರದ ಬ್ಯಾಟರಿ ಗಾಡಿಗಳೂ ಬಂದವು. ಅವಕ್ಕೆ ಸದ್ದೇ ಇಲ್ಲ. ಹೋದ ತಿಂಗಳು ಕುರಿ ಕಾಯುವ ಅಮಸಿದ್ದನ ಕಾಲು ಮುರಿದದ್ದು ಹಾಗೆಯೇ, ಹಿಂದಿನಿಂದ ಬಂದ ಗಾಡಿ ಕೇಳಿಸದೆ. ಹಿಂಡು ಅವನ ಹೆಂಡತಿ ಕಸ್ತೂರೆವ್ವನ ಪಾಲಿಗೆ ಬಿತ್ತು. ದಂಡೆ ಬಿಟ್ಟರೆ ಮೇವಿಗೆ ಬೇರೆ ದಾರಿಯಿಲ್ಲ.

ಗುಡಿ ಕಟ್ಟೆಯ ಮೇಲೆ ಹಿರಿಯರು ಕೂಡಿದಾಗ ಅವಳು, "ಗಾಡಿ ಸಾವಕಾಶ ಹೊಡೀರಿ ಅಂತ ಹೇಳ್ರಿ ಯಪ್ಪಾ," ಎಂದಳು.

ಹಾಲಿನ ಕ್ಯಾನು ಹೇರಿಕೊಂಡು ದಿನವೂ ದಂಡೆಯ ಮೇಲೆ ಗಾಡಿ ಹಾರಿಸುವ, ಗೌಡರ ಮನೆಯ ಶ್ರೀಶೈಲಪ್ಪ ಅಲ್ಲೇ ಕುಳಿತಿದ್ದ. ಗಾಡಿಗಿದ್ದ ವೇಗದ ಮಿತಿಯನ್ನು ಅವನು ಬಾಗೇವಾಡಿಯ ಮಿಸ್ತ್ರಿಯಿಂದ ತೆಗೆಸಿದ್ದು ಎಲ್ಲರಿಗೂ ಗೊತ್ತಿತ್ತು.

"ಸಾವಕಾಶ ಹೋದ್ರ ಹಾಲು ಒಡೀತೈತಬೇ," ಎಂದ ಅವನು. " ಸಪ್ಪಳಿಲ್ಲಂತನ ಹೌದಲ್ಲೊ ನಿನ್ನ ತಕರಾರು? ಗಂಟಿ ಕಟ್ತೇನಿ, ಹಾದಿತುಂಬ ತಾನ ಬಾರಸ್ತೈತಿ."

ಹಿರಿಯರು ತಲೆಯಾಡಿಸಿದರು. ಕಸ್ತೂರೆವ್ವನೂ ಆಡಿಸಿದಳು.

ಮರುದಿನವೇ ತಿರುವಿನಲ್ಲಿ ಗಂಟೆ ಕೇಳಿಸಿತು. ಹಿಂಡಿನ ಮುಂದೆ ನಡೆಯುವ ಹೋತಿನ ಕೊರಳಲ್ಲಿ ಇರುವಂಥದೇ ಗಂಟೆ. ಆ ಸದ್ದಿನ ಬೆನ್ನು ಹತ್ತಲು ಮರಿಯಿದ್ದಾಗಿನಿಂದ ಕಲಿತ ಕುರಿಗಳು ಹುಲ್ಲು ಬಿಟ್ಟು ದಾರಿಗೆ, ಗಾಡಿಯ ಎದುರಿಗೇ, ನುಗ್ಗಿದವು. "ಬ್ರೇಕ್ ಹಿಡೀರೀ!" ಎಂದು ಅವಳು ಕೂಗುವುದರೊಳಗೆ ಗಬ್ಬದ ಕುರಿಯೊಂದು ಚಕ್ರದಡಿ ಬಿದ್ದಿತ್ತು.

ಗಾಡಿಯೊಂದಿಗೆ ಉರುಳಿದ್ದ ಶ್ರೀಶೈಲಪ್ಪ ಎದ್ದವನೇ ಗಾಡಿಯ ಬಣ್ಣ ಕೆತ್ತಿದೆಯೇ ನೋಡಿದ. ಚಕ್ರಕ್ಕೆ ಹತ್ತಿದ ರಕ್ತವನ್ನು ಹುಲ್ಲಿನಿಂದ ಒರೆಸಿದ.

"ಗಂಟಿ ಬಾರಿಸ್ಕೋತನ ಬಂದೇನಲ್ಲ? ನಿನ್ನ ಕುರಿಗೆ ಕಿವಿ ಇಲ್ಲೇನು?"

"ಕಿವಿ ಅದಾವಂತನ ಬಂದಾವ್ರಿ."

"ಆತು ಬಿಡು. ಉಸಿರಿರೂದ್ರಾಗ ಕೊಯ್ಯಾಕ ಕಟಕರನ್ನ ಕರಸು. ಬೇಕಾದ್ರ ನಾನ ಫೋನ್ ಹಚ್ತೇನಿ."

ಕುರಿಯ ಹೊಟ್ಟೆಯೊಳಗೆ ಮರಿ ಮಿಸುಕುತ್ತಿತ್ತು. ಇವನು ಕ್ಯಾನಿನ ಮುಚ್ಚಳ ಬಿಗಿ ಮಾಡುತ್ತಿದ್ದ. ಕಟ್ಟೆಯ ಮೇಲೆ ಹಿಂದಿನ ದಿನ ಆಡಿದ ತಲೆಗಳೆಲ್ಲ ಕಸ್ತೂರೆವ್ವನ ಕಣ್ಣಿಗೆ ಕಟ್ಟಿದವು. ಅವುಗಳಲ್ಲಿ ತನ್ನದೂ ಒಂದು ಎಂದು ಹೇಸಿಗೆಯಾಯಿತು.

ಅವಳು ದಾರಿಯ ನಡುವೆ ಕುಳಿತು ಕುರಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಸರಿಬೇ ಆಚಿ. ಹಾಲು ಒಡೀತೈತಿ!"

"ಒಡೀಲಿ."

"ಹುಚ್ಚ ಹಿಡದೈತೇನು ನಿನಗ?"

ಕಸ್ತೂರೆವ್ವ ಪಕ್ಕಕ್ಕೆ ಕ್ಯಾಕರಿಸಿ ಉಗುಳಿದಳು. "ಫೋನ್ ಹಚ್ರಿ ಗೌಡ್ರ. ಕಟಕರಿಗಲ್ಲ, ಹಿರ್ಯಾರಿಗೆ. ಕಟ್ಟಿ ಮ್ಯಾಲೆ ಕುಂತು ಬ್ಯಾಡ, ಇಲ್ಲಿ ಬಂದು ಇದನ್ನ ನೋಡಿ ಹೇಳ್ಲಿ, ಈ ಹಾದ್ಯಾಗ ಗಾಡಿ ಎಷ್ಟು ಜೋರ್ ಹೊಡೀಬೇಕಂತ. ಅಲ್ಲೀತನಕ ನಾ ಏಳಂಗಿಲ್ಲ."