ಚಿಮುಕಿಸಿದ ನೀರು

ಮೇಜಿನ ಮೇಲೆ ಸುರಿದ ಕಡಲೆಬೀಜದಲ್ಲಿ ಕೈಯಾಡಿಸಿದ ಮುನಿಲಕ್ಷ್ಮಿಯ ಮೂಗಿಗೆ ಮುಗ್ಗಲು ವಾಸನೆ ಬಡಿಯಿತು. ಬೆರಳಿಗೆ ಹಸಿರು ಬೂಷ್ಟು. ಖಾಲಿ ಚೀಲದ ಬಾಯಿಗೆ ಕಟ್ಟಿದ್ದ ನೀಲಿ ಪಟ್ಟಿ ಕಂಡದ್ದೇ ತಡ, ಕೈ ಹಿಂತೆಗೆದಳು. ಮಗಳು ಬಿಂದುಶ್ರೀಯ ಹಳೇ ಯೂನಿಫಾರಂ ವೇಲು ಹರಿದು ಅದನ್ನು ಕಟ್ಟಿದವಳು ಮುನಿಲಕ್ಷ್ಮಿಯೇ. ತಮ್ಮ ಹೊಲದ ಬೀಜಕ್ಕೆ ತೂಕ ಬರಲೆಂದು ನೀರು ಚಿಮುಕಿಸಿದವಳೂ ಅವಳೇ. ಊರಲ್ಲಿ ಯಾರು ಚಿಮುಕಿಸುವುದಿಲ್ಲ? ಗಾಣಕ್ಕೆ ಹೋಗುವ ಮಾಲು ಎಂದುಕೊಂಡಿದ್ದಳು. ತಾನು ಆರಿಸುವ ಮೇಜಿಗೇ ಬರುತ್ತದೆಂದು ಯಾರು ಕಂಡಿದ್ದರು?

"ಹರಿತಾ ಮೇಡಂ, ಇಲ್ಲಿ ನೋಡ್ಬನ್ನಿ!" ಪಕ್ಕದ ಅಮ್ಮಾಜಮ್ಮ ಕೂಗಿಬಿಟ್ಟಳು.

ಗೌರಿಬಿದನೂರಿನ ಹೊರಗಿದ್ದ ಆ ಕಾರ್ಖಾನೆಯಲ್ಲಿ ಕಡಲೆಬೀಜ ಹುರಿದು ಅರೆದು, ಹಾಲಿನ ಪುಡಿ, ಸಕ್ಕರೆ ಬೆರೆಸಿ, ಯುದ್ಧ ನಡೆಯುವ ದೇಶದ ಸೊರಗಿದ ಮಕ್ಕಳಿಗೆಂದು ಪೊಟ್ಟಣ ಕಟ್ಟುತ್ತಿದ್ದರು. ಸೂಪರ್‌ವೈಸರ್ ಹರಿತಾ ಬಂದು ಬೀಜ ಮೂಸಿದಳು. ಮುಖ ಇಳಿದುಹೋಯಿತು.

"ಒಂದು ಮೂಟೆ ಹಿಂಗಿದ್ರೂ ಅದನ್ನ ತಂದ ಟೆಂಪೋದ ಮಾಲು ಪೂರ್ತಿ ವಾಪಸ್. ಸಂಜೆ ಲಾರಿ ಹೊರಡ್ಬೇಕು. ಆ ದೇಶದ ಬಾರ್ಡರ್ ಗೇಟು ಎರಡೇ ದಿನ ತೆಗೆಯೋದಂತೆ, ಅದಕ್ಕೆ ಸರಿಯಾಗಿ ಮುಟ್ಟೋ ಹಡಗು ತಪ್ಪಿದ್ರೆ ಮುಗೀತು. ಇನ್ನೇನು, ಅರ್ಧ ಮಾಲೇ ಕಳಿಸಬೇಕು."

"ಒಣಗಿಸಿ ಹಾಕಿದ್ರೆ ಆಗಲ್ವಾಮ್ಮ?" ಮುನಿಲಕ್ಷ್ಮಿ ಮೆಲ್ಲಗೆ ಕೇಳಿದಳು.

"ಮೂಳೆ ಚಕ್ಕಳ ಆಗಿರೋ ಮಗೂಗೆ ಇದು ವಿಷ ಕಣಕ್ಕಾ."

ಷೆಡ್ಡಿನ ಬಾಗಿಲಾಚೆ ಮ್ಯಾನೇಜರ್ ನರೇಂದ್ರ ಟೆಂಪೋ ಆವುಲಪ್ಪನನ್ನು ಹಿಗ್ಗಾಮುಗ್ಗಾ ಬೈಯುತ್ತಿದ್ದ. ಮುನಿಲಕ್ಷ್ಮಿಯದೂ ಸೇರಿ ಮಂಚೇನಹಳ್ಳಿ ಸುತ್ತಿನ ಹತ್ತು ಮನೆಗಳ ಮಾಲು ಹೊತ್ತು ತಂದವನು ಈ ಮುದುಕ.

"ಹಸಿದ ಮಕ್ಕಳ ತುತ್ತಿಗೂ ನೀರು ಹೊಡೀತೀಯಲ್ಲಯ್ಯಾ! ಯಾರ್ದು ಈ ಮೂಟೆ? ಹೇಳ್ದಿದ್ರೆ ನಿನ್ನ ಗಾಡಿ ಇನ್ನೊಂದ್ಸಲ ಗೇಟು ದಾಟಲ್ಲ."

ಆವುಲಪ್ಪ ತಲೆಯ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಅವನ ಕಣ್ಣು ಷೆಡ್ಡಿನೊಳಗೆ ಬಂದು, ಮುನಿಲಕ್ಷ್ಮಿಯ ಮೇಲೆ ಒಂದು ಗಳಿಗೆ ನಿಂತಿತು. 'ನಂದೇ' ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು. ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗಿರಲಿಲ್ಲ. ಅವಳು ಬಗ್ಗಿ ಬೀಜ ಆರಿಸತೊಡಗಿದಳು.

"ಮರ್ತೋಯ್ತು ಸ್ವಾಮಿ," ಎಂದ ಆವುಲಪ್ಪ. "ವಯಸ್ಸಾಯ್ತಲ್ಲ."

"ನೋಡೇ, ಏನೂ ಗೊತ್ತಿಲ್ದೋನ ಥರ ನಿಂತವ್ನೆ," ಅಮ್ಮಾಜಮ್ಮ ಮೊಣಕೈಯಲ್ಲಿ ತಿವಿದಳು. "ಮೊಮ್ಮಕ್ಕಳಿಗೆ ತಿನ್ನಿಸ್ತಾನಾ ಇದನ್ನ? ನಾಚ್ಕೆ ಬೇಡ್ವಾ?"

"ಹೂಂ ಕಣೇ," ಅಂದುಬಿಟ್ಟಳು ಮುನಿಲಕ್ಷ್ಮಿ.

ಸಂಜೆ ಬಸ್ಸಿಗೆ ಕಾಯುತ್ತಿದ್ದವಳ ಮುಂದೆ ಅದೇ ಟೆಂಪೋ ನಿಂತಿತು. "ಹತ್ತಮ್ಮಾ, ಊರಿಗೇ ತಾನೆ." ಅವಳು ಹತ್ತಿ ಕೂತಳು. ಹಿಂದೆ ವಾಪಸಾದ ಮೂಟೆಗಳು ಅಲುಗಾಡುತ್ತಿದ್ದವು. ಆವುಲಪ್ಪ ಮಳೆಯ ಮಾತಾಡಿದ, ಬಿಂದುಶ್ರೀಯ ಪರೀಕ್ಷೆ ಕೇಳಿದ.

"ತಾತಾ, ಬೆಳಿಗ್ಗೆ ಆ ಮೂಟೆ..."

"ಗಾಜು ಏರಿಸ್ಕೋಮ್ಮಾ, ಧೂಳು."

ಹಿಂದಿನಿಂದ ಹಾರನ್ ಕೇಳಿತು. ಕಾರ್ಖಾನೆಯ ಲಾರಿ. ಆವುಲಪ್ಪ ಟೆಂಪೋವನ್ನು ಮಣ್ಣಿಗಿಳಿಸಿ ದಾರಿ ಬಿಟ್ಟ. ಲಾರಿ ದಾಟಿ ಮುಂದೆ ಹೋಯಿತು. ಅರ್ಧವೇ ತುಂಬಿದ್ದ ಅದರ ಟಾರ್ಪಾಲು ನಡುವೆ ಹೊಂಡವಾಗಿ ಜೋತು, ಗಾಳಿಗೆ ಪಟಪಟ ಬಡಿಯುತ್ತಿತ್ತು.