ಎರ್ಲಿಂಗನ ಸಾವಿನ ಬಿಯರು

ನಾರ್ವೆಯ ನಮ್ಮ ವೊಸ್ ಕಡೆ ಸತ್ತವರನ್ನು ಮಣ್ಣು ಮಾಡಿದ ದಿನ ಕುಡಿಯುವ ಬಿಯರನ್ನು ಅಂಗಡಿಯಿಂದ ತರುವುದಿಲ್ಲ. ಅದು ಸತ್ತವನ ಮನೆಯಲ್ಲೇ, ಒಡಹುಟ್ಟಿದವರ ಕೈಯಲ್ಲೇ ಕುದಿಯಬೇಕು. ನನ್ನ ಚಿಕ್ಕಣ್ಣ ಎರ್ಲಿಂಗ್ ಹೋದಾಗ ಆ ಕೆಲಸ ದೊಡ್ಡಣ್ಣ ಹಾಲ್ದೋರನ ಪಾಲಿಗೆ ಬಂತು. ಅವನೋ, ತಮ್ಮನ ಅಂಗಳಕ್ಕೆ ಕಾಲಿಡದೆ ವರ್ಷಗಳೇ ಆಗಿದ್ದವು.

ಜಗಳ ಆಸ್ತಿಗಲ್ಲ. ಬೆನ್ನು ಸೋತು ಸೌದೆ ಒಡೆಯಲಾಗದೆ ಎರ್ಲಿಂಗ್ ಒಂದು ಗ್ಯಾಸ್ ಒಲೆ ತಂದಿಟ್ಟಿದ್ದ, ಅಷ್ಟೇ. "ಸೌದೆ ಬೆಂಕಿ ಕಾಣದ್ದು ಬಿಯರಲ್ಲ, ಬಿಸಿ ಕಲಗಚ್ಚು" ಎಂದುಬಿಟ್ಟ ಹಾಲ್ದೋರ್, ಅದೂ ಮದುವೆ ಮನೆಯಲ್ಲಿ, ನಾಲ್ಕು ಜನರೆದುರು. ಆಮೇಲೆ ತಮ್ಮನ ಬಿಯರನ್ನು ಮೂಸಿಯೂ ನೋಡಲಿಲ್ಲ. ನಮ್ಮ ಮನೆಯ ಗಂಡಸರ ಹಟಕ್ಕೆ ಮದ್ದಿಲ್ಲ.

ಈಗ ಟ್ರ್ಯಾಕ್ಟರ್ ತುಂಬ ಸೌದೆ ಹೇರಿಕೊಂಡು ಬಂದ. ಎರ್ಲಿಂಗನ ಹೆಂಡತಿ ಸಿನ್ನೆವಾ ಬಿಯರು ಕುದಿಸುವ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಳು.

"ಸೌದೆ ವಾಪಸ್ ತಗೊಂಡು ಹೋಗಿ ಭಾವ. ಅವರ ಬಿಯರು ಅವರ ಒಲೇಲೇ ಕುದೀಬೇಕು."

"ನನಗೆ ಆ ಡಬ್ಬಿ ವಿದ್ಯೆ ಬರಲ್ಲಮ್ಮ."

"ಬರದಿದ್ರೆ ಕಲೀರಿ. ಬೈಯೋಕೆ ಬರ್ತಿತ್ತಲ್ಲ."

ಎರ್ಲಿಂಗ್ ತಾನೇ ಮೊಳಕೆ ಬರಿಸಿ ಒಣಗಿಸಿದ್ದ ಬಾರ್ಲಿಯನ್ನೆಲ್ಲ ಅವಳು ಬೆಳಗ್ಗೆಯೇ ಬಿಸಿನೀರಿನಲ್ಲಿ ನೆನೆಸಿ, ರಸ ಸೋಸಿ ಹಂಡೆಗೆ ತುಂಬಿದ್ದಳು. ಮನೆಯಲ್ಲಿ ಇನ್ನೊಂದು ಹಿಡಿ ಬಾರ್ಲಿ ಇರಲಿಲ್ಲ. ಬೇಗ ಕುದಿಸದಿದ್ದರೆ ರಸ ಹುಳಿಯಾಗಿ, ಅವನ ಕೈಯ ಕೊನೆಯ ಬೆಳೆ ಚರಂಡಿ ಸೇರುತ್ತಿತ್ತು.

ಹಾಲ್ದೋರ್ ಒಲೆಯ ಗುಂಡಿ ತಿರುಗಿಸಿ, ಸಿಲಿಂಡರನ್ನು ಒಂದೇ ಏಟಿಗೆ ಪೂರ್ತಿ ತೆರೆದು, ಕಡ್ಡಿ ಗೀರಿದ. ಉರಿ ಬಂತು, ಆದರೆ ಹಣತೆಯಷ್ಟೇ. ಎಷ್ಟು ಕಾದರೂ ಹಂಡೆಯಲ್ಲಿ ಹಬೆ ಏಳಲಿಲ್ಲ. ಸಿಲಿಂಡರ್ ಎತ್ತಿ ನೋಡಿದ, ಭಾರವಾಗಿಯೇ ಇತ್ತು. ಸೋರುತ್ತಿರಬಹುದೆಂದು ನಾನು ಪೈಪಿಗೆ ಸೋಪಿನ ನೀರು ಬಳಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಉರಿ ಆರಿಸಿ, ಗಾಳಿ ಹೋಗುವ ತೂತಿಗೆ ತಂತಿ ತೂರಿಸಿದಾಗ ಜೇಡರ ಬಲೆ ಬಂತು. ಸಿಕ್ಕಿತು ಕಾರಣ ಎಂದು ಹಿಗ್ಗಿ ಮತ್ತೆ ಹಚ್ಚಿದೆವು. ಅದೇ ಹಣತೆ.

"ನೋಡಿದ್ಯಾ ತಂಗಿ, ಸತ್ತ ಮೇಲೂ ನನ್ನ ಆಟ ಆಡಿಸ್ತಿದಾನೆ."

"ಸತ್ತೋನ ಮೇಲೆ ಯಾಕೆ ಹಾಕ್ತೀಯ? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ರೇಗಿದೆ. ನನಗೆ ಅಳು ಒತ್ತಿಕೊಂಡು ಬಂದಿತ್ತು.

ಸಿನ್ನೆವಾ ರಸಕ್ಕೆ ಬೆರಳದ್ದಿ ನೆಕ್ಕಿದಳು. ಇನ್ನೂ ಸಿಹಿಯಾಗಿತ್ತು. ಆಮೇಲೆ ಕೇಳಿದಳು, "ಭಾವ, ಸಿಲಿಂಡರ್ ಹೆಂಗೆ ತೆಗೆದ್ರಿ?"

"ಹೆಂಗೆ ಅಂದ್ರೆ? ಪೂರ್ತಿ. ಬೆಂಕಿ ಹತ್ರ ಜಿಪುಣತನ ಮಾಡಬಾರದು."

"ಅದು ಸೌದೆಗೆ. ಇದನ್ನ ಒಂದೇ ಸಲ ಬಿಟ್ರೆ, ಸಿಲಿಂಡರ್ ಮೇಲಿರೋ ರೆಗ್ಯುಲೇಟರ್ ಪೈಪು ಹರೀತು ಅಂದ್ಕೊಂಡು ಒಳಗೇ ಗ್ಯಾಸ್ ತಡೆದುಬಿಡುತ್ತೆ. ಅವರು ಮೊದಲು ಒಲೆ ಬಂದ್ ಇಟ್ಟು, ಸಿಲಿಂಡರ್‌ನ ಮೆಲ್ಲಗೆ ತಿರುಗಿಸೋರು, ಮಲಗಿರೋ ಮಗು ಮೇಲಿನ ಹೊದಿಕೆ ಸರಿಸೋ ಹಾಗೆ. ಬೇಗ ಮಾಡ್ರೀ ಅಂತ ನಾನೇ ಎಷ್ಟು ಬೈತಿದ್ದೆ!"

ಹಾಲ್ದೋರ್ ಎಲ್ಲ ಮುಚ್ಚಿ ಸ್ವಲ್ಪ ಹೊತ್ತು ಕಾದ. ಮಂಡಿಯೂರಿ ಕೂತು ಸಿಲಿಂಡರನ್ನು ಇಷ್ಟಿಷ್ಟೇ ತೆರೆದ. ಕಡ್ಡಿ ಹಿಡಿದು ಒಲೆ ತಿರುಗಿಸಿದ್ದೇ ತಡ, ನೀಲಿ ಉರಿ ಭೋರೆಂದು ಎದ್ದಿತು. ಸಂಜೆಯವರೆಗೆ ಕುದಿಸಿದೆವು. ತಣಿದ ಮೇಲೆ, ಅಪ್ಪನ ಕಾಲದಿಂದ ಒಣಗಿಸಿ ಕಾಪಾಡಿಕೊಂಡು ಬಂದ ಯೀಸ್ಟನ್ನು ಸಿನ್ನೆವಾ ಬೆರೆಸಿದಳು.

ನಮ್ಮಲ್ಲಿ ಮಣ್ಣು ಮಾಡುವುದು ವಾರ ಕಳೆದ ಮೇಲೆ, ಅಷ್ಟರಲ್ಲಿ ಬಿಯರು ಹುದುಗಿ ಸಿದ್ಧವಾಗಿತ್ತು. ಮಣ್ಣು ಮಾಡಿ ಬಂದ ಮೇಲೆ ಮರದ ಬೋಗುಣಿ ಮೊದಲು ಹಿರಿಯನ ಕೈಗೆ ಹೋಯಿತು. ಒಂದು ಗುಟುಕು ಕುಡಿದು ಪಕ್ಕದವರಿಗೆ ದಾಟಿಸಬೇಕು. ಹಾಲ್ದೋರ್ ಕುಡಿದ. ಇನ್ನೊಮ್ಮೆ ಕುಡಿದ.

"ಅಪ್ಪನದೇ" ಎಂದ ನನ್ನ ಕಡೆ ತಿರುಗಿ. "ಅಪ್ಪ ಮಾಡ್ತಿದ್ದ ಬಿಯರೇ ಇದು."

"ಪ್ರತಿ ಕ್ರಿಸ್‌ಮಸ್‌ಗೂ ನಿಮಗೆ ಅಂತ ಒಂದು ಪೀಪಾಯಿ ಎತ್ತಿಡೋರು ಭಾವ," ಸಿನ್ನೆವಾ ಮೆಲ್ಲಗೆ ಹೇಳಿದಳು. "ಈಸ್ಟರ್‌ವರೆಗೂ ಕಾಯೋರು. ಆಮೇಲೆ ತಾವೇ ಹೊರಗೆ ತಗೊಂಡು ಹೋಗಿ ಚೆಲ್ಲೋರು. ನನಗೂ ಮುಟ್ಟೋಕೆ ಬಿಡ್ತಿರಲಿಲ್ಲ."

ಹಾಲ್ದೋರ್ ಬೋಗುಣಿಯನ್ನು ದಾಟಿಸಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು, ಎಲ್ಲರೆದುರೇ, ಬಿಕ್ಕಿ ಬಿಕ್ಕಿ ಅತ್ತ. ಯಾರೂ ಬೋಗುಣಿ ಕೊಡು ಎಂದು ಕೇಳಲಿಲ್ಲ. ನನಗೆ ಅವನ ಮೇಲೆ ಕನಿಕರ ಬಂತು, ಕೋಪವೂ ಹೋಗಲಿಲ್ಲ.