ಲಾಭ, ಒಂದು, ಎರಡು

"ದೂರ ಸರಿಯೇ ರಂಡೆ! ನಿನ್ನ ನೆಳ್ಳ ಗಾದಿ ಮ್ಯಾಲ ಬೀಳ್ಲತ್ತದ."

ಈಶಮ್ಮ ಸರಿದಳು. ನಾರಾಯಣಖೇಡದ ಸಂತೆಯಲ್ಲಿ ಸಾಹುಕಾರ ಶಿವಶಂಕರಪ್ಪ ಅವಳ ಕೂಲಿಯ ತೊಗರಿಯನ್ನು ಸೇರಿನಿಂದ ಅಳೆಯುತ್ತಿದ್ದ. ಕಾಳಿಗೆ ಮೈಲಿಗೆಯಿಲ್ಲ, ಕೈಗಿದೆ.

"ಲಾಭ..."

ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ಪೇಟೆಯ ವಾಡಿಕೆ. ಆಮೇಲೆ ಬರಬೇಕಾದ್ದು ಎರಡು. ಕೇರಿಯವರ ಕಾಳಿಗೆ ಮಾತ್ರ ಅವನು ಲಾಭದ ಮೇಲೆ ಮತ್ತೆ ಒಂದರಿಂದ ಎಣಿಸುತ್ತಿದ್ದ. ಮೊದಲ ಸೇರು ಅವನ ಹೊಟ್ಟೆಗೆ.

ಇದನ್ನು ತಪ್ಪಿಸಿಕೊಳ್ಳಲು ದಾರಿಯಿತ್ತು. ಮನೂರಿನ ಕೇರಿಯ ಬೇವಿನಡಿಯಲ್ಲೇ ನೆಗೆಣ್ಣಿ ಸಾಯಮ್ಮನ ಅಂಗಡಿ. ಕಿರಸ್ತಾನಳಾದ ಮೇಲೆ ಅವಳು ಉಪ್ಪು ಮಾರುತ್ತಾಳೆ, ತೊಗರಿ ಕೊಳ್ಳುತ್ತಾಳೆ. ವ್ಯಾಪಾರ ಪಾಪವಲ್ಲ, ಕಳ್ಳ ಅಳತೆ ಪಾಪ ಎಂದು ಪಾದ್ರಿ ಹೇಳಿಕೊಟ್ಟಿದ್ದಾನಂತೆ. ಅವಳ ಬಾಯಲ್ಲಿ ಲಾಭ ಬರುವುದಿಲ್ಲ, ನೇರ ಒಂದು.

ಆದರೆ ಅವಳ ತುಂಬುತೋಳಿನ ಕುಬಸ! ನೆರಳಲ್ಲಿ ಕೂತು "ಬಾ ಅಕ್ಕಾ" ಎನ್ನುವ ಆ ತಣ್ಣನೆಯ ದನಿ! ಹೋದ ವರ್ಷ ತನ್ನ ಪಕ್ಕದಲ್ಲೇ ಕಳೆ ಕಿತ್ತವಳು. ಅವಳ ಮುಂದೆ ಸೆರಗೊಡ್ಡುವುದಕ್ಕಿಂತ ಸಾಹುಕಾರನೇ ನುಂಗಲೆಂದು ಈಶಮ್ಮ ಬಿಸಿಲಲ್ಲಿ ಇಲ್ಲಿಗೆ ನಡೆದಿದ್ದಳು.

ಬಂದರೆ ಇಲ್ಲೂ ಸಾಯಮ್ಮನೇ. ಕೊಂಡ ತೊಗರಿಯನ್ನು ಮಾರಲು ಬಂದಿದ್ದಳು. ಅವಳದನ್ನೂ ಆಗಲೇ ಅಳೆದಾಗಿತ್ತು: ಲಾಭ, ಒಂದು, ಎರಡು. ಸಾಯಮ್ಮ ತುಟಿ ಬಿಚ್ಚಿರಲಿಲ್ಲ.

"ಕಳ್ಳ ಅಳತಿ ಪಾಪ ಅಲ್ಲೇನ ನಿಮ್ಮಲ್ಲಿ?" ಈಶಮ್ಮ ಚುಚ್ಚಿದಳು.

"ಸಾವಕಾರ್ರ ಕೂಡ ಜಗಳ ಬ್ಯಾಡ, ದೇವ್ರು ನೋಡ್ಲತ್ತಾನ ಅಂದಾರಕ್ಕ ಪಾದ್ರಿಯವ್ರು."

"ನೋಡ್ಲಿ. ಕಣ್ ಬ್ಯಾನಿ ಆಗೂತನ ನೋಡ್ಲಿ."

ಸಾಹುಕಾರ ಮತ್ತೆ ಸೇರು ತುಂಬಿದ. "ಒಂದು..."

"ಎರಡ್ರೀ!" ಎಂದಳು ಈಶಮ್ಮ.

"ಏನಂದಿ? ಠಾಣೆದ ಅಮೀನಸಾಬಗ ಹೇಳಿ ನಿಜಾಮನ ಜೇಲ್ ತೋರಸ್ಲೇನು, ಹಾದರಗಿತ್ತಿ?"

ಈಶಮ್ಮ ಮುಂದೆ ಬಾಗಿ, ತುಂಬಿದ ಸೇರನ್ನು ಎರಡೂ ಕೈಯಲ್ಲಿ ಹಿಡಿದಳು. ಕೆಂಡ ತಾಗಿದಂತೆ ಅವನು ಬಿಟ್ಟುಬಿಟ್ಟ. ತೊಗರಿ ಅವನ ತೊಡೆಯ ಮೇಲೆಲ್ಲ ಚೆಲ್ಲಿತು. ಬರಿದಾದ ಸೇರನ್ನು ಅವಳು ಗಾದಿಯ ನಡುವೆ ಕುಕ್ಕಿದಳು.

"ತಗೋರಿ. ಈಗ ಅಳೀರಿ."

ಅವನು ಎತ್ತಿದ ಕೈ ಗಾಳಿಯಲ್ಲೇ ನಿಂತಿತು, ಹೊಡೆಯಬೇಕಾದರೂ ಮುಟ್ಟಬೇಕು. ಅವನ ಆಳು ಕೋಲು ತರಲು ಅಂಗಡಿಯೊಳಗೆ ಓಡಿದ.

ಈಶಮ್ಮ ನೆಗೆಣ್ಣಿಯ ಕಡೆ ತಿರುಗಿದಳು. ಸಾಯಮ್ಮ ಆಳನ್ನು ನೋಡುತ್ತಿರಲಿಲ್ಲ, ಸಾಹುಕಾರನನ್ನೂ ಅಲ್ಲ. ಅವಳ ಕಣ್ಣು ಈಶಮ್ಮನ ಕೈಗಳ ಮೇಲಿತ್ತು. ಆ ನೋಟದ ಗುರುತು ಈಶಮ್ಮನಿಗೆ ಸಿಕ್ಕಿತು. ಬೇವಿನ ನೆರಳಿನ ಅಂಗಡಿಯತ್ತ ತಾನು ದಿನವೂ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದುದು ಹಾಗೆಯೇ.